ಸಾಯಗಾಂವದ ಹಗ್ಗ

ಟಾರ್ಟು, ಎಸ್ಟೋನಿಯಾ
12 ಅಕ್ಟೋಬರ್ 2024

ಗಫೂರ ಚಾಚಾ ಅವರಿಗೆ,

ಶೀತಲಳ ನಮಸ್ಕಾರ. ಪರದೇಶದ ಅಂಚೆಚೀಟಿ ನೋಡಿ ಶಮೀಮ ಚಾಚಿ ಗಾಬರಿಯಾಗುವುದು ಬೇಡ, ಇದು ಹಣಮಂತಪ್ಪನ ಮಗಳದೇ ಕಾಗದ. ನಿಮ್ಮ ಮಗ ಇಮ್ರಾನನ ಫೋನಿಗೆ ನಾಲ್ಕು ಸಾಲು ಕಳಿಸಿದ್ದರೆ ನಿಮಿಷದಲ್ಲಿ ಮುಟ್ಟುತ್ತಿತ್ತು, ನಿಜ. ಆದರೆ ನಿಮಗೆ ಕಿವಿ ಕೇಳುವುದಿಲ್ಲ, ಇಮ್ರಾನನಿಗೆ ಪುರಸೊತ್ತಿಲ್ಲ. ನನ್ನ ಎರಡು ಪುಟವನ್ನು ಅವನು ಎರಡು ಕೈಸನ್ನೆಯಲ್ಲಿ ಮುಗಿಸಿಬಿಡುತ್ತಾನೆ. ಅದಕ್ಕೇ ಕಾಗದ.

ಇಲ್ಲಿ ಆಗಲೇ ಚಳಿ ಹಿಡಿದಿದೆ. ಊರ ನಡುವೆ ಹೊಳೆ, ಸುತ್ತ ಕಾಡು, ಕಣ್ಣು ಹಾಯಿಸಿದಷ್ಟೂ ಒಂದು ಗುಡ್ಡವಿಲ್ಲ. 'ಕಲ್ಲು ಓದಾಕ ಗುಡ್ಡಾ ಇಲ್ಲದ ದೇಶಕ್ಕ ಹೋಗ್ಯಾಳ ನೋಡ್ರಿ' ಎಂದು ಅವ್ವ ಠಾಣಾ ಕುಶನೂರದ ತುಂಬ ಹೇಳಿಕೊಂಡು ನಗುತ್ತಾಳಂತೆ. ಇಲ್ಲಿನ ಜನಕ್ಕೆ ಮಾತು ಕಡಿಮೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಯಾವೂರು ಎಂದೂ ಕೇಳುವುದಿಲ್ಲ. ಔರಾದದಿಂದ ಬೀದರ ಮುಟ್ಟುವುದರೊಳಗೆ ನನಗೊಂದು ಗಂಡು ಹುಡುಕಿ ಮುಗಿಸುತ್ತಿದ್ದ ಹೆಂಗಸರು ನೆನಪಾಗುತ್ತಾರೆ.

ವಿಷಯಕ್ಕೆ ಬರುತ್ತೇನೆ. ಜುಲೈ ರಜೆಯಲ್ಲಿ ಬಂದು ನಿಮ್ಮ ಮನೆಯ ತೊಲೆಯಿಂದ ಹಗ್ಗಗಳನ್ನು ಇಳಿಸಿ ಅಳೆದುಕೊಂಡು, ಚಿಟಿಕೆ ಚಿಟಿಕೆ ಮಣ್ಣು ತಂದೆನಲ್ಲ, ಅದರ ಕತೆ. ನಮ್ಮ ಗುರುಗಳು ಕತ್ರಿನ್ ಮೇಡಂ. ಅವರಿಗೆ ನಾನು ಹೀಗೆ ವಿವರಿಸಿದೆ: ನನ್ನ ಅಪ್ಪ ಮತ್ತು ಗಫೂರ ಚಾಚಾ ಇಪ್ಪತ್ತಾರು ವರ್ಷ ಜೋಡಿಯಾಗಿ ಬಾವಿ ತೋಡಿದರು. ಅಪ್ಪ ಕೆಳಗೆ, ಚಾಚಾ ಮೇಲೆ ರಾಟೆಯ ಹತ್ತಿರ. ಪ್ರತಿ ಬಾವಿಗೂ ಒಂದು ಪುಂಡಿನಾರಿನ ಹಗ್ಗ ಇಳಿಬಿಡುತ್ತಿದ್ದರು. ಮಣ್ಣು ಬದಲಾದ ಕಡೆ ಕೆಳಗಿದ್ದವನು ಅದಕ್ಕೆ ಗಂಟು ಹಾಕಿ, ಗಂಟಿನೊಳಗೆ ಚಿಂದಿಯಲ್ಲಿ ಆ ಮಣ್ಣು ಕಟ್ಟುತ್ತಿದ್ದ. ನೀರು ಬಿದ್ದ ಕಡೆ ಹಸಿರು ದಾರ. ಬಾವಿ ಮುಗಿದ ಮೇಲೆ ಊರಿನ ಹೆಸರಿನ ತಗಡು ಕಟ್ಟಿ ಚಾಚಾ ಅದನ್ನು ಮಡಿಸಿ ತಮ್ಮ ಮನೆಯ ತೊಲೆಗೆ ತೂಗುಬಿಡುತ್ತಿದ್ದರು. ಬಾವಿ ತೋಡಿಸಲು ಬಂದವರು ತಲೆ ಎತ್ತಿ ನೋಡಿದರೆ ಇವರ ಕೆಲಸ ತಿಳಿಯುತ್ತಿತ್ತು. ನಲವತ್ತೊಂದು ಬಾವಿ, ನಲವತ್ತೊಂದು ಹಗ್ಗ. ಮೇಡಂ, 'ಇಂಥ ಇಬ್ಬರು ನಮ್ಮ ದೇಶದಲ್ಲೂ ಇರಬೇಕಿತ್ತು' ಎಂದರು. ನನಗೆ ಎಷ್ಟು ಜಂಬ ಬಂತೆಂದರೆ ಆ ದಿನ ಊಟ ಸೇರಲಿಲ್ಲ.

ಅದರಲ್ಲೂ ಸಾಯಗಾಂವದ ಹಗ್ಗ! ಭಾಲ್ಕಿಯ ಆ ಭಾಗದಲ್ಲಿ ಮೇಲೆ ಎರೆಮಣ್ಣು, ಕೆಳಗೆ ಕರಿಕಲ್ಲು. ಆದರೆ ನಿಮ್ಮ ಹಗ್ಗದಲ್ಲಿ ಮೂವತ್ತೊಂದು ಅಡಿಗೆ ಕರಿಕಲ್ಲು ಬಂದು, ಅದರ ಕೆಳಗೆ ಮೂವತ್ತೆಂಟಕ್ಕೂ ನಲವತ್ನಾಲ್ಕಕ್ಕೂ ಕೆಂಪು ಮಣ್ಣಿದೆ. ಕರಿಕಲ್ಲು ಎಂದರೆ ಯಾವುದೋ ಕಾಲದಲ್ಲಿ ಹರಿದು ಆರಿದ ಲಾವಾ. ಒಂದು ಹರಿವಿಗೂ ಮುಂದಿನದಕ್ಕೂ ನಡುವೆ ಮಣ್ಣು ಕೂತಿದ್ದರೆ ಅದು ಲಾವಾದ ಬಿಸಿಗೆ ಬೆಂದು ಕೆಂಪಾಗುತ್ತದೆ. ಸಾಯಗಾಂವದ ಹತ್ತಿರ ಅಂಥ ಪದರ ಯಾರೂ ಬರೆದಿಟ್ಟಿಲ್ಲ. ನನ್ನ ಪ್ರಬಂಧದ ಮುಖ್ಯ ಅಧ್ಯಾಯವೇ ಈಗ ಆ ಒಂದು ಹಗ್ಗದ ಮೇಲೆ ನಿಂತಿದೆ. ಮೇ 26ಕ್ಕೆ ಒಪ್ಪಿಸಬೇಕು. ಆಗದಿದ್ದರೆ ವಿದ್ಯಾರ್ಥಿವೇತನ ಮುಗಿಯುತ್ತದೆ, ಪದವಿಯಿಲ್ಲದೆ ಊರಿಗೆ ವಾಪಸ್.

ಅಪ್ಪ ಇದ್ದಿದ್ದರೆ ಅವನನ್ನೇ ಕೇಳುತ್ತಿದ್ದೆ. ಅದೇ ಬಾವಿಯಲ್ಲಿ ಕಾಲು ಜಾರಿ ಬಿದ್ದು ಕುಂಟನಾದ. ಅಲ್ಲಿಂದ ನಿಮ್ಮಿಬ್ಬರ ಮಾತೂ ನಿಂತಿತು. ಯಾಕೆ ಎಂದು ಸಾಯುವ ತನಕ ಹೇಳಲಿಲ್ಲ. ಮೂರು ವರ್ಷದ ಹಿಂದೆ ಅವನ ಮಣ್ಣಿಗೆ ಬಂದವರು ನೀವು ಒಂದು ಹಿಡಿ ಮಣ್ಣು ಹಾಕಿ, ಯಾರನ್ನೂ ಮಾತಾಡಿಸದೆ ಬಸ್ಸಿಗೆ ನಡೆದಿರಿ. ಅದನ್ನು ಈಗ ಕೇಳುತ್ತಿಲ್ಲ. ಕೇಳುವುದಿಷ್ಟೇ: ಆ ಕೆಂಪು ಪದರ ಎಷ್ಟು ದಪ್ಪವಿತ್ತು? ಗಟ್ಟಿಯಿತ್ತೋ, ಮುಟ್ಟಿದರೆ ಪುಡಿಯಾಗುತ್ತಿತ್ತೋ?

ನಿಮ್ಮ ತೊಲೆಗೆ ಏಣಿ ಹಾಕಿದ ಹುಡುಗಿ,
ಶೀತಲ


ಬೀದರ
6 ನವೆಂಬರ್ 2024

ಬೇಟಿ ಶೀತಲ,

ನಿನಗೆ ಚಾಚಾನ ದುವಾ. ಕಾಗದ ಮುಟ್ಟಿತು. ಮನೆಯವರೆಲ್ಲ ಅಂಚೆಚೀಟಿಯನ್ನೇ ನೋಡಿದರು. ನನ್ನ ಬರಹದಲ್ಲಿ ತಪ್ಪಿದ್ದರೆ ನಿನ್ನ ಅಪ್ಪನನ್ನೇ ಬೈಯಬೇಕು. ಈ ಅಕ್ಷರ ಕಲಿಸಿದವನು ಅವನೇ. ಸಂತಪುರದ ಬಾವಿಯ ದಂಡೆಯಲ್ಲಿ, ಬುತ್ತಿ ಉಂಡ ಮೇಲೆ, ಇದ್ದಿಲಿನಿಂದ ಕಲ್ಲಿನ ಮೇಲೆ ಬರೆಸುತ್ತಿದ್ದ. ತಗಡಿನ ಮೇಲೆ ಊರಿನ ಹೆಸರು ಬರೆಯುವವನಿಗೆ ಅಕ್ಷರ ಬರದಿದ್ದರೆ ಹೇಗೆ ಎನ್ನುತ್ತಿದ್ದ. ಮಾಸ್ತರರಿಗಿಂತ ಜೋರು ಅವನು.

ನಿನ್ನ ಚಾಚಿಯ ಮೊಣಕಾಲು ನೋವು ಹಾಗೇ ಇದೆ. ಇಮ್ರಾನನ ಮೊಬೈಲ್ ಅಂಗಡಿ ನಡೆಯುತ್ತಿದೆ. ಅವನ ಮಗಳು ಗುಡಿಯಾ ಸಾಲೆಯಿಂದ ಬಂದವಳೇ ಹಗ್ಗಗಳ ಕೆಳಗೆ ನಿಂತು ತಗಡಿನ ಮೇಲಿನ ಹೆಸರು ಓದುತ್ತಾಳೆ. ಅವಳಿಗೆ ಭೂಗೋಳ ಅದೇ. ಈಗ ಕೈಯಿಂದ ಬಾವಿ ತೋಡಿಸುವವರು ಯಾರೂ ಇಲ್ಲ, ಎಲ್ಲ ಬೋರು.

ಸಾಯಗಾಂವದ ಹಗ್ಗದ ಬಗ್ಗೆ ಕೇಳಿದ್ದೀಯ. ಹಳೆಯ ಮಾತು, ಬೇಟಿ. ಹಗ್ಗವೂ ಸವೆದಿದೆ. ನಲವತ್ತೊಂದರಲ್ಲಿ ಒಂದು ಬಿಟ್ಟರೆ ಏನಾಗುತ್ತದೆ? ಅದನ್ನು ಬಿಟ್ಟುಬಿಡು. ಸಂತಪುರದ ಹಗ್ಗ ತೆಗೆದುಕೋ, ಅದು ನಮ್ಮ ಒಳ್ಳೆಯ ಕೆಲಸ.

ಚಳಿಯಲ್ಲಿ ಕಿವಿ ಮುಚ್ಚುವಂಥ ಟೋಪಿ ಹಾಕಿಕೋ. ಕಿವಿಯ ಬೆಲೆ ನನ್ನನ್ನು ಕೇಳು.

ನಿನ್ನ ಒಳ್ಳೆಯದನ್ನೇ ಬೇಡುವ,
ಅಬ್ದುಲ ಗಫೂರ


ಟಾರ್ಟು
29 ನವೆಂಬರ್ 2024

ಗಫೂರ ಚಾಚಾ,

ಟೋಪಿ ಕೊಂಡೆ. ಎರಡು ಕೊಂಡೆ. ಸಾಕೋ?

ಆದರೆ ಆ ಹಗ್ಗ ಬಿಟ್ಟುಬಿಡು ಎಂದರೆ ಹೇಗೆ? ಲಗ್ನದ ಊಟಕ್ಕೆ ಕರೆದು, ಹೋಳಿಗೆ ಬಿಟ್ಟು ಬರೀ ಅನ್ನ ಸಾರು ಉಣ್ಣು ಅಂದ ಹಾಗಾಯಿತು. ಹೋದ ವಾರ ಮೇಡಂ ಬೇರೆ ಊರಿನ ಸಭೆಯೊಂದರಲ್ಲಿ ನನ್ನ ಕೆಲಸದ ಬಗ್ಗೆ ಮಾತಾಡಿದರು. ಪರದೆಯ ಮೇಲೆ ನಿಮ್ಮ ಹಗ್ಗದ ಚಿತ್ರ. ಕೆಳಗೆ ಅಪ್ಪನ ಹೆಸರು, ನಿಮ್ಮ ಹೆಸರು. ಕಾಲು ಹೋದ ಮೇಲೆ ಕುರಿ ಕಾಯುತ್ತ ಸತ್ತ ಹಣಮಂತಪ್ಪನ ಹೆಸರು ಎಸ್ಟೋನಿಯಾದ ಗೋಡೆಯ ಮೇಲೆ. ನಾನು ಹಿಂದಿನ ಸಾಲಿನಲ್ಲಿ ಕೂತು ಅತ್ತೆ. ಪಕ್ಕದ ಹುಡುಗ ಏನೂ ಕೇಳದೆ ಕರವಸ್ತ್ರ ಕೊಟ್ಟ. ಮಾತು ಕಡಿಮೆಯಾದರೂ ಒಳ್ಳೆಯ ಜನ.

ಆ ಕೆಂಪು ಮಣ್ಣು ನಿಜವಾಗಿ ಬೆಂದದ್ದೇ ಎಂದು ಪರೀಕ್ಷಿಸಲು ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಿದ್ದೇವೆ. ಜನವರಿಯಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ನೀವು ಎರಡು ಸಾಲು ಬರೆಯಿರಿ. ಕಣ್ಣಾರೆ ಕಂಡವರಲ್ಲಿ ಉಳಿದವರು ನೀವೊಬ್ಬರೇ. ಅಪ್ಪ ಕೆಳಗಿನಿಂದ ಏನೆಂದು ಕೂಗಿ ಹೇಳಿದ, ಅದನ್ನು ಬರೆದರೂ ಸಾಕು.

ಕಾಯುತ್ತಿರುವ,
ಶೀತಲ


ಬೀದರ
24 ಡಿಸೆಂಬರ್ 2024

ಬೇಟಿ,

ಅಷ್ಟು ಕೇಳುತ್ತಿದ್ದೀಯ ಎಂದು ಬರೆಯುತ್ತಿದ್ದೇನೆ. ಕೆಂಪು ಪದರ ಇತ್ತು. ಒಂದು ಗೇಣು ದಪ್ಪ. ಗಟ್ಟಿಯಾಗಿತ್ತು, ಹಾರೆಗೆ ಏಳುತ್ತಿರಲಿಲ್ಲ. ಹಣಮಂತಪ್ಪ ಅದನ್ನು ಕಂಡು ಬಹಳ ಖುಷಿಪಟ್ಟ.

ಎಲ್ಲರೂ ಆರಾಮ ಇದ್ದೇವೆ.

ಅಬ್ದುಲ ಗಫೂರ


ಟಾರ್ಟು
30 ಜನವರಿ 2025

ಗಫೂರ ಚಾಚಾ,

ಪರೀಕ್ಷೆಯ ಫಲ ಬಂತು. ನಾಲ್ಕು ಸಲ ಓದಿದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ಆ ಮಣ್ಣು ಬೆಂದದ್ದಲ್ಲ. ಊರೊಳಗಿನ ಮೇಲ್ಮಣ್ಣು, ನಿಮ್ಮ ಬೀದರದ ಕೆಂಪು ಮಣ್ಣಿನಂಥದ್ದೇ. ಅದರಲ್ಲಿ ಗೋಡೆಯ ಸುಣ್ಣದ ಚೂರು ಇದೆ, ಒಲೆಯ ಬೂದಿ ಇದೆ, ಬೇವಿನ ಹೂವಿನ ಪರಾಗ ಇದೆ. ಮೇಡಂ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. 'ನಲವತ್ನಾಲ್ಕು ಅಡಿ ಕೆಳಗೆ, ಕಲ್ಲಿನ ಒಳಗೆ, ಬೇವಿನ ಮರ ಹೂ ಬಿಟ್ಟಿತ್ತೇ?' ಎಂದು ಕೇಳಿದರು. ಆಮೇಲೆ ಇನ್ನೊಂದು ಮಾತು ಕೇಳಿದರು: 'ಒಂದು ಹಗ್ಗ ಸುಳ್ಳಾದರೆ ಉಳಿದ ನಲವತ್ತನ್ನು ಯಾವ ಆಧಾರದ ಮೇಲೆ ನಂಬಲಿ?' ನಂಬಲಾಗದಿದ್ದರೆ ಪ್ರಬಂಧವೇ ಇಲ್ಲ.

ಮನೆಗೆ ಬಂದು ಜುಲೈಯಲ್ಲಿ ತೆಗೆದ ಚಿತ್ರಗಳನ್ನು ನೋಡಿದೆ. ಅಪ್ಪ ಎಡಗೈಯವನು. ಅವನು ಹಾಕಿದ ಗಂಟಿನ ತುದಿ ಯಾವಾಗಲೂ ಎಡಕ್ಕೆ ಬೀಳುತ್ತದೆ. ಅವನು ಕಟ್ಟಿದ ಕುರಿಯ ಹಗ್ಗ ಬಿಚ್ಚಲಾರದೆ ನಾನೂ ಅವ್ವನೂ ಎಷ್ಟು ಸಲ ಬೈದುಕೊಂಡಿದ್ದೇವೆ. ನಲವತ್ತು ಹಗ್ಗದಲ್ಲಿ ಎಲ್ಲ ಗಂಟೂ ಅಪ್ಪನದೇ. ಸಾಯಗಾಂವದ ಹಗ್ಗದಲ್ಲಿ ಮೇಲಿನ ಎರಡು ಮಾತ್ರ ಅಪ್ಪನದು. ಕೆಳಗಿನವು ಬಲಗೈ ಗಂಟುಗಳು.

ಜುಲೈಯಲ್ಲಿ ನೀವು ಏಣಿಯ ಮೇಲೆ ನಿಂತು ಹಗ್ಗಗಳನ್ನು ಒಂದೊಂದಾಗಿ ನನ್ನ ಕೈಗೆ ಇಳಿಸಿದಿರಿ. ಸಾಯಗಾಂವದ ಹಗ್ಗವನ್ನು ತುಸು ಹೊತ್ತು ಹಿಡಿದೇ ನಿಂತಿದ್ದಿರಿ. ಕೈ ಸೋತಿದೆ ಅಂದುಕೊಂಡಿದ್ದೆ.

ಏನಾಯಿತು ಚಾಚಾ?

ಶೀತಲ


ಟಾರ್ಟು
5 ಮಾರ್ಚ್ 2025

ಗಫೂರ ಚಾಚಾ,

ಐದು ವಾರವಾಯಿತು. ಇಮ್ರಾನನನ್ನು ಫೋನಿನಲ್ಲಿ ಕೇಳಿದೆ. ಕಾಗದ ಮುಟ್ಟಿದೆಯಂತೆ, ಅಬ್ಬಾ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ ಎಂದ. ಏನು ಬರೆದಿದ್ದೇನೆ ಎಂದು ಅವನಿಗೆ ಹೇಳಲಿಲ್ಲ. ಅವ್ವನಿಗೂ ಹೇಳಿಲ್ಲ.

ಏಪ್ರಿಲ್ ಕೊನೆಯೊಳಗೆ ನಾನು ಮೇಡಂ ಮುಂದೆ ಏನಾದರೂ ಹೇಳಲೇಬೇಕು. ನಿಮ್ಮನ್ನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ.

ಶೀತಲ


ಬೀದರ
24 ಮಾರ್ಚ್ 2025

ಬೇಟಿ ಶೀತಲ,

ಇವತ್ತು ಇಪ್ಪತ್ತಮೂರನೆಯ ರೋಜಾ. ಉಪವಾಸ ಹಿಡಿದವನು ಸುಳ್ಳು ಬರೆಯಬಾರದು, ಅದಕ್ಕೇ ಈ ದಿನಗಳನ್ನು ಕಾದಿದ್ದೆ ಎಂದುಕೋ. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ.

ಸಾಯಗಾಂವದಲ್ಲಿ ಕೆಂಪು ಪದರ ಇರಲಿಲ್ಲ. ಮೂವತ್ತೊಂದು ಅಡಿಗೆ ಕರಿಕಲ್ಲು ಬಂತು, ಅಲ್ಲಿಗೇ ಆ ಬಾವಿ ನಿಂತಿತು. ಕೆಳಗಿನ ಗಂಟುಗಳನ್ನು ಹಾಕಿದವನು ನಾನು. ಮಣ್ಣು ನಮ್ಮ ಅಂಗಳದ್ದು. ಬೇವಿನ ಮರ ನೀನು ನೋಡಿದ್ದೀಯ.

ನಿನ್ನ ಅಪ್ಪ ಕಾಲು ಜಾರಿ ಬೀಳಲಿಲ್ಲ.

ನಮ್ಮ ಕೆಲಸದಲ್ಲಿ ಮೇಲೆ ನಿಲ್ಲುವವನಿಗೆ ತೋಳಿಗಿಂತ ಕಿವಿ ಮುಖ್ಯ. ಕೆಳಗಿನವನು 'ಎಳಿ' ಎಂದರೆ ಮೇಲಿನವನು 'ಹೂಂ' ಎಂದು ಆಮೇಲೆ ರಾಟೆ ತಿರುಗಿಸಬೇಕು. 'ನಿಲ್ಲಸು' ಎಂದರೆ ಆ ಕ್ಷಣ ನಿಲ್ಲಿಸಬೇಕು. ಕಲ್ಲಿಗೆ ಮದ್ದು ಇಟ್ಟು ಸಿಡಿಸಿ ಸಿಡಿಸಿ ನನ್ನ ಕಿವಿ ಹೋಯಿತು. ಜನ ತಿಳಿದಿರುವಂತೆ ಮುಪ್ಪಿನಲ್ಲಿ ಹೋದದ್ದಲ್ಲ, ಸಾಯಗಾಂವಕ್ಕಿಂತ ಎರಡು ವರ್ಷ ಮೊದಲೇ ಹೋಗಿತ್ತು. ಹಗ್ಗದ ಮೇಲೆ ಕೈಯಿಟ್ಟು, ಅವನ ಬಾಯಿ ನೋಡಿ, ಅಂದಾಜಿನ ಮೇಲೆ ಹೂಂ ಎನ್ನುತ್ತಿದ್ದೆ. ಹೇಳಿದರೆ ಅವನು ನನ್ನನ್ನು ಮೇಲೆ ನಿಲ್ಲಲು ಬಿಡುತ್ತಿರಲಿಲ್ಲ. ಕೆಳಗೆ ಇಳಿಯಲು ನನಗೆ ಮೊದಲಿನಿಂದಲೂ ಹೆದರಿಕೆ. ಜೋಡಿ ಮುರಿಯುತ್ತಿತ್ತು. ಅವನನ್ನು ಬಿಟ್ಟು ಬೇರೆಯವರ ಜೊತೆ ಕೆಲಸ ಮಾಡುವುದು ನನಗೆ ಬೇಡವಾಗಿತ್ತು.

ಆ ದಿನ ಕಲ್ಲು ತುಂಬಿದ ಬುಟ್ಟಿ ಮೇಲೆ ಬರುವಾಗ ಅದರ ಒಂದು ಕಡೆಯ ಕಟ್ಟು ಬಿಚ್ಚಿತು. ನಿಲ್ಲಿಸು ಎಂದು ಅವನು ಕೂಗಿದ. ನಾನು ರಸ್ತೆಯ ಕಡೆ ಮುಖ ಮಾಡಿದ್ದೆ. ಭಾಲ್ಕಿಯ ಬಸ್ಸು ಹೋಗುತ್ತಿತ್ತು, ಅದನ್ನು ನೋಡುತ್ತ ರಾಟೆ ತಿರುಗಿಸಿದೆ. ಹೊಲದ ಯಜಮಾನ ಸಿದ್ದೇಶ್ವರ ದೂರದ ಬದುವಿನ ಮೇಲಿದ್ದ, ಮಾತು ಏನೆಂದು ತಿಳಿಯದಿದ್ದರೂ ಅವನಿಗೆ ಆ ಕೂಗು ಕೇಳಿಸಿತಂತೆ. ಬಾವಿಯ ಬಾಯಲ್ಲೇ ನಿಂತ ನನಗೆ ಕೇಳಿಸಲಿಲ್ಲ. ಬುಟ್ಟಿ ಮಗುಚಿತು. ಕಲ್ಲೆಲ್ಲ ಅವನ ಕಾಲ ಮೇಲೆ. ಗಂಟಿನ ಹಗ್ಗವೂ ಕಲ್ಲಿಗೆ ಸಿಕ್ಕು ಹರಿಯಿತು.

ಜನ್ಮದಲ್ಲಿ ಮೊದಲ ಸಲ ನಾನು ಬಾವಿಗೆ ಇಳಿದದ್ದು ಆಗ. ಕಲ್ಲು ಸರಿಸಿದೆ. ಅವನು ಏನೋ ಅಂದ, ನಾನು 'ಹಾಂ?' ಅಂದೆ. ಮತ್ತೆ ಅಂದ, ಮತ್ತೆ 'ಹಾಂ?' ಅಂದೆ. ಆಗ ಅವನಿಗೆ ತಿಳಿಯಿತು. ಆ ನೋವಿನಲ್ಲೂ ನನ್ನ ಕಿವಿ ತೋರಿಸಿ, ಎಷ್ಟು ದಿನದಿಂದ ಎಂದು ಕೈ ತಿರುವಿ ಕೇಳಿದ. ನಾನು ಎರಡು ಬೆರಳು ತೋರಿಸಿ ವರ್ಷ ಎಂದೆ. ಅವನು ಕಣ್ಣು ಮುಚ್ಚಿಕೊಂಡ.

ಮೇಲೆ ಬಂದ ಮೇಲೆ ಸಿದ್ದೇಶ್ವರನಿಗೆ 'ಕಾಲ ಜಾರಿ ಬಿದ್ನಿರಿ' ಎಂದು ನಿನ್ನ ಅಪ್ಪನೇ ಹೇಳಿದನಂತೆ. ನಿಜ ಹೇಳಿದ್ದರೆ ಅವತ್ತೇ ನನ್ನ ಹೆಸರು ಮುಗಿಯುತ್ತಿತ್ತು. ಹೇಳಲಿಲ್ಲ. ನನ್ನ ಜೊತೆ ಮಾತೂ ಆಡಲಿಲ್ಲ. ಕಾಲು ಹೋದದ್ದಕ್ಕೆ ಅಲ್ಲ ಅವನ ಸಿಟ್ಟು, ನಾನು ಮುಚ್ಚಿಟ್ಟದ್ದಕ್ಕೆ. ನನಗೆ ಗೊತ್ತು.

ಹರಿದ ಹಗ್ಗ ತಂದು ತೊಲೆಗೆ ಕಟ್ಟಿದೆ. ನಿನ್ನ ಚಾಚಿ ನೋಡಿ 'ಯೆ ರಸ್ಸಿ ಆಧೀ ಕಾಯಕು ಜೀ?' ಎಂದು ಕೇಳಿದಳು, ಹಗ್ಗ ಅರ್ಧಕ್ಕೇ ಯಾಕೆ ನಿಂತಿದೆ ಎಂದು. ಮಾರನೆಯ ದಿನ ಹಗ್ಗ ಜೋಡಿಸಿ, ಗಂಟು ಹಾಕಿ, ಹಸಿರು ದಾರ ಕಟ್ಟಿ ಪೂರ್ತಿ ಮಾಡಿಬಿಟ್ಟೆ. ಆಮೇಲೆ ಯಾರೂ ಕೇಳಲಿಲ್ಲ. ಎಸ್ಟೋನಿಯಾದವರು ಕೇಳುತ್ತಾರೆ ಎಂದು ನನಗೇನು ಗೊತ್ತು?

ನಿನಗೆ ಬರೆಯುವ ಮೊದಲು ನಿನ್ನ ಅವ್ವ ಜನಾಬಾಯಿ ವೈನಿಗೆ ಹೇಳಬೇಕೆಂದು ಹೋದ ಗುರುವಾರ ಠಾಣಾ ಕುಶನೂರಕ್ಕೆ ಹೋದೆ. ಎಲ್ಲ ಹೇಳಿದೆ. ನೀರು ಬೇಕೇ ಎಂದು ಅವರು ಕೇಳಲಿಲ್ಲ. ರೋಜಾ ಇದೆ ಎಂದು ಕೇಳಲಿಲ್ಲವೋ, ಸಿಟ್ಟಿಗೆ ಕೇಳಲಿಲ್ಲವೋ, ಇವತ್ತಿಗೂ ತಿಳಿಯದು. ಆಮೇಲೆ ನನ್ನ ಮುಖದ ಮುಂದೆ ಬಂದು ನಿಂತು, ಒಂದೊಂದೇ ಮಾತು ಬಿಡಿಸಿ ಕೇಳಿದರು: 'ಎರಡ ವರ್ಷ ನಮ್ಮವರು ಯಾರನ್ನ ನಂಬಿ ಕೆಳಗ ಇಳೀತಿದ್ರು, ಗಫೂರ ಭಾಯಿ?'

ನಾನು ತಲೆ ತಗ್ಗಿಸಿದೆ. ಎದುರಿಗೆ ಒಂದು ಕುರಿಮರಿ ಕಟ್ಟಿತ್ತು. ಅದರ ಹಗ್ಗದ ನಡುವೆ ಒಂದು ಗಂಟು, ಗಂಟಿನೊಳಗೆ ಚಿಂದಿ. ತುದಿ ಎಡಕ್ಕೆ. ಸಾಯಗಾಂವದ ಹಗ್ಗದ ಕೆಳಗಿನ ತುಂಡು ಅದು, ಬೇಟಿ. ವೈನಿ ಹೇಳಿದರು: 'ದವಾಖಾನಿಯಿಂದ ಬಂದಾಗ ಅವರ ಅಂಗಿ ಕಿಸೆದಾಗ ಇತ್ತರಿ. ಒಗೀತೇನಿ ಅಂದ್ರ ಬ್ಯಾಡ ಅಂದ್ರು. ಅವರು ಹೋದ ಮ್ಯಾಲ ನಾನ ಮರಿಗೆ ಕಟ್ಟೀನಿ.' ಅದನ್ನು ತಂದು ನಾಲ್ಕು ಜನಕ್ಕೆ ತೋರಿಸಿದ್ದರೆ ನನ್ನ ಹಗ್ಗದ ಸುಳ್ಳು ಹೊರಬೀಳುತ್ತಿತ್ತು. ಎಂಟು ವರ್ಷ ಇಟ್ಟುಕೊಂಡ, ತೋರಿಸಲಿಲ್ಲ. ವೈನಿ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮರಿ ಓಡಿಹೋಯಿತು, ಅದನ್ನು ಹಿಡಿಯಲು ನಾನೂ ಓಡಿದೆ, ಅಷ್ಟು ಅಳುತ್ತಿದ್ದರೂ.

ಗಂಟು ಬಿಚ್ಚಿ ನೋಡಿದೆ. ಒಳಗೆ ಕರಿಕಲ್ಲಿನ ಚೂರು. 'ಇದನ್ನ ಫೋನಿನಾಗ ನಾ ಹೇಳಂಗಿಲ್ಲ. ನೀವ ಬರೀರಿ' ಎಂದರು ವೈನಿ. ಅದಕ್ಕೇ ಬರೆದಿದ್ದೇನೆ.

ಮೇಡಂ ಅವರಿಗೆ ಎಲ್ಲ ಹೇಳು. ನನ್ನ ಹೆಸರು ಹಾಕಿಯೇ ಹೇಳು.

ನಿನ್ನ ಅಪ್ಪನ ಜೋಡಿ,
ಗಫೂರ


ಟಾರ್ಟು
12 ಏಪ್ರಿಲ್ 2025

ಗಫೂರ ಚಾಚಾ,

ನಿಮ್ಮ ಮೇಲೆ ಬಂದ ಸಿಟ್ಟನ್ನು ಬರೆಯದೆ ಬಿಟ್ಟರೆ ಅದೂ ಒಂದು ಸುಳ್ಳಾಗುತ್ತದೆ. ಸಿಟ್ಟು ಬಂದಿದೆ. ಸಂಜೆ ಕುರಿ ಹೊಡೆದುಕೊಂಡು ಬರುವಾಗ ಅಪ್ಪ ಹಿಂಡಿಗಿಂತ ಹಿಂದೆ ಉಳಿಯುತ್ತಿದ್ದ. ಕುರಿಗಳು ಮನೆ ಸೇರಿ ಎಷ್ಟೋ ಹೊತ್ತಾದ ಮೇಲೆ ಅವನ ಕೋಲಿನ ಸದ್ದು ಕೇಳುತ್ತಿತ್ತು. ಹತ್ತನೆಯ ಇಯತ್ತೆಯ ಹುಡುಗಿ ನಾನು ಬಾಗಿಲಲ್ಲಿ ನಿಂತು ಆ ಸದ್ದಿಗೆ ಕಾಯುತ್ತಿದ್ದೆ.

ಆದರೂ ಕಿವಿ ಹೋದದ್ದನ್ನು ಮುಚ್ಚಿಟ್ಟದ್ದು ನನಗೆ ಅರ್ಥವಾಗುತ್ತದೆ. ಹೆದರಿದ ಮನುಷ್ಯ ಮಾಡುವಂಥದ್ದು. ಡಿಸೆಂಬರಿನ ಕಾಗದ ಮಾತ್ರ ಅರ್ಥವಾಗುವುದಿಲ್ಲ. ಪದರ ಇತ್ತು ಎಂದು ಬರೆದಿರಿ, ಇರಲಿ. ಅಪ್ಪ ಅದನ್ನು ಕಂಡು ಖುಷಿಪಟ್ಟ ಎಂದು ಯಾಕೆ ಬರೆದಿರಿ? ಅಪ್ಪ ಖುಷಿಯಾಗಿದ್ದ ಒಂದು ದಿನ ನನಗೆ ಹೊಸದಾಗಿ ಸಿಕ್ಕಿತ್ತು. ಆ ಸಾಲನ್ನು ಎಷ್ಟು ಸಲ ಓದಿದ್ದೆ ಗೊತ್ತೇ?

ಮೇಡಂಗೆ ಎಲ್ಲ ಹೇಳಿದೆ. ನಿಮ್ಮ ಕಾಗದವನ್ನು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಓದಿದೆ. ಕುರಿಮರಿಯ ತನಕ ಬಂದಾಗ ಅವರು ಕನ್ನಡಕ ತೆಗೆದಿಟ್ಟರು. ಕೆಂಪು ಪದರದ ಅಧ್ಯಾಯ ಹೋಯಿತು, ಅದು ಹೋಗಬೇಕಾದದ್ದೇ. ಉಳಿದ ನಲವತ್ತು ಹಗ್ಗಕ್ಕೆ ಒಂದು ದಾರಿ ಹೇಳಿದರು. ಆ ಬಾವಿಗಳಲ್ಲಿ ಇನ್ನೂ ತೆರೆದಿರುವವುಗಳನ್ನು ಹೊಲದವರ ಎದುರಿಗೆ ಟೇಪಿನಿಂದ ಅಳೆದು ಚಿತ್ರ ಕಳಿಸಬೇಕು. ಹಗ್ಗವೂ ಟೇಪೂ ಹೊಂದಿದರೆ ನಲವತ್ತನ್ನೂ ಒಪ್ಪುತ್ತಾರೆ. ಸಾಯಗಾಂವದ್ದೂ ಬೇಕು. ಅಲ್ಲಿಯ ತಳದಿಂದ ಒಂದು ಕಲ್ಲಿನ ಚೂರು, ತೆಗೆಯುವಾಗಿನ ಚಿತ್ರ. ಎಲ್ಲ ಮೇ 15ರೊಳಗೆ.

ನಿಮ್ಮನ್ನು ಕೇಳಬಾರದು ಎಂದುಕೊಂಡಿದ್ದೆ. ಆದರೆ ಯಾವ ಹೊಲದಲ್ಲಿ ಯಾವ ಬಾವಿ ಎಂದು ಬೇರೆ ಯಾರಿಗೆ ಗೊತ್ತು?

ಶೀತಲ


ಬೀದರ
14 ಮೇ 2025

ಬೇಟಿ ಶೀತಲ,

ನಿನ್ನ ಕಾಗದದ ಕೆಳಗೆ ಬರೀ ಹೆಸರಿತ್ತು. ನನಗೆ ಅಷ್ಟು ಸಿಕ್ಕಿದ್ದೇ ಹೆಚ್ಚು. ಡಿಸೆಂಬರಿನ ಆ ಸಾಲು ಬರೆಯುವಾಗ ನಿನಗೆ ಏನಾದರೂ ಒಳ್ಳೆಯದು ಬರೆಯಬೇಕೆನಿಸಿತ್ತು. ತಪ್ಪಾಯಿತು.

ಅಳತೆ, ಚಿತ್ರ ಎಲ್ಲ ಇಮ್ರಾನ ಫೋನಿನಲ್ಲಿ ಕಳಿಸಿದ್ದಾನೆ, ಕಲ್ಲಿನ ಚೂರು ಕೊರಿಯರಿನಲ್ಲಿ. ಮೇಡಂ ಒಪ್ಪಿದರು, ಪ್ರಬಂಧ ಒಪ್ಪಿಸುತ್ತಿದ್ದೇನೆ ಎಂದು ನೀನು ಬರೆದದ್ದನ್ನು ಅವನು ನಿನ್ನೆ ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ. ನಿನ್ನ ಚಾಚಿ ಬೀದಿಗೆಲ್ಲ ಖೀರು ಹಂಚಿದಳು. ಆದರೆ ಚಿತ್ರದಲ್ಲಿ ಬರದೇ ಇದ್ದದ್ದನ್ನು ನಾನು ಹೇಳಬೇಕು.

ಏಳು ಬಾವಿ ಇನ್ನೂ ತೆರೆದಿವೆ. ಉಳಿದವನ್ನು ಮುಚ್ಚಿದ್ದಾರೆ, ಕೆಲವಕ್ಕೆ ಕಸ ತುಂಬಿದ್ದಾರೆ. ಆರನ್ನು ಮೇಲಿನಿಂದಲೇ ಟೇಪು ಬಿಟ್ಟು ಅಳೆದೆವು. ಸಂತಪುರದ್ದು ಹಗ್ಗಕ್ಕೂ ಟೇಪಿಗೂ ನಾಲ್ಕು ಬೆರಳಿನ ಫರಕು. ಅಲ್ಲಿಯ ದಂಡೆಯ ಕಲ್ಲಿನ ಮೇಲೆ ಕೈಯಾಡಿಸಿದೆ. ಇದ್ದಿಲಿನ ಅಕ್ಷರ ಎಲ್ಲಿ ಉಳಿದೀತು, ಆದರೂ ಹುಡುಕಿದೆ.

ಕೊನೆಗೆ ಸಾಯಗಾಂವ. ತಳದ ಕಲ್ಲು ಬೇಕೆಂದರೆ ಇಳಿಯಲೇಬೇಕು. ಇಮ್ರಾನ ತಾನು ಇಳಿಯುತ್ತೇನೆ ಎಂದ, ಬೇಡ ಎಂದೆ. ಹೊಲಕ್ಕೆ ಹೋದರೆ ಬಾವಿಯ ದಂಡೆಯ ಮೇಲೆ ವೈನಿ ಕೂತಿದ್ದಾರೆ. ಇಮ್ರಾನನಿಂದ ದಿನ ತಿಳಿದುಕೊಂಡು ಬೆಳಗಿನ ಬಸ್ಸಿಗೆ ಭಾಲ್ಕಿಗೆ ಬಂದು, ಅಲ್ಲಿಂದ ಸಾಯಗಾಂವಕ್ಕೆ ಬಂದಿದ್ದರು. ಆ ಬಾವಿಯನ್ನು ಅವರು ನೋಡಿದ್ದು ಅದೇ ಮೊದಲು. ಬಗ್ಗಿ ಬಹಳ ಹೊತ್ತು ಒಳಗೆ ನೋಡಿದರು. ನೀರಿಲ್ಲದ ಬಾವಿ, ತಳ ಚೆನ್ನಾಗಿ ಕಾಣುತ್ತದೆ.

ನನ್ನ ಸೊಂಟಕ್ಕೆ ಹಗ್ಗ ಕಟ್ಟಿದರು. ಸಿದ್ದೇಶ್ವರ, ಇಮ್ರಾನ ಇಬ್ಬರೂ ರಾಟೆಗೆ ಬಂದರು. ಮೇಲಿನಿಂದ ಕೇಳಿಸಿಕೊಳ್ಳಲು ಸಿದ್ದೇಶ್ವರ ತಾನೇ ನಿಲ್ಲುತ್ತೇನೆ ಎಂದ. ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. ನನಗೂ ತಿಳಿಯಲಿ ಎಂದು ನನ್ನ ಕಡೆ ಮುಖ ಮಾಡಿಯೇ ಸಿದ್ದೇಶ್ವರನಿಗೆ ಅಂದರು: 'ನೀವು ಹಗ್ಗಾ ಹಿಡೀರಿ, ಕೈ ನಿಮ್ಮವ ಗಟ್ಟಿ ಅವ. ಕೇಳಸ್ಕೊಳ್ಳಾಕ ನಾ ನಿಂದರ್ತೇನಿ.'

ಇಳಿದೆ. ಅವನು ಬಿದ್ದಿದ್ದ ಜಾಗ ನೋಡಿದೆ. ಅಳೆದೆ, ಮೂವತ್ತೊಂದು ಅಡಿ. ಕಲ್ಲು ಒಡೆದು ಚೂರು ತೆಗೆದುಕೊಂಡೆ. ಹೊಸ ಹಗ್ಗ ಇಳಿಬಿಡಿಸಿದ್ದೆ, ಅದಕ್ಕೆ ಎಡಗೈಯಿಂದ ಗಂಟು ಹಾಕಿದೆ. ಮೂರು ಸಲ ಬಿಚ್ಚಿಕೊಂಡಿತು, ನಾಲ್ಕನೆಯ ಸಲ ನಿಂತಿತು. ಆಮೇಲೆ ತಲೆ ಎತ್ತಿ 'ಎಳಿ' ಎಂದು ಕೂಗಿದೆ. ಇಪ್ಪತ್ತಾರು ವರ್ಷ ನಿನ್ನ ಅಪ್ಪ ಕೂಗಿದ ಮಾತು, ನನ್ನ ಬಾಯಲ್ಲಿ ಮೊದಲ ಸಲ. ಬೆಳಕಿಗೆ ಅಡ್ಡವಾಗಿ ವೈನಿಯ ತಲೆ ಕಾಣುತ್ತಿತ್ತು. ಅವರ ಬಾಯಿ ಆಡಿತು. ಹೂಂ ಎಂದಿರಬೇಕು, ನನಗೆ ಕೇಳಲಿಲ್ಲ. ಆದರೆ ಹಗ್ಗ ಬಿಗಿಯಾಯಿತು.

ಮೇಲೆ ಬಂದು ಕೂತಾಗ ವೈನಿ ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟರು. ರೋಜಾ ಮುಗಿದು ತಿಂಗಳಾಗಿತ್ತು. ಕುಡಿದೆ.

ಹಳೆಯ ಹಗ್ಗ ತೊಲೆಯಿಂದ ತೆಗೆದೆ. ಮೇಡಂ ಕೇಳಿದರೆ ಬೇಕಾಗುತ್ತದೆ ಎಂದು ಸುಡದೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮರಿಯ ಕೊರಳಿನಲ್ಲಿದ್ದ ತುಂಡು ಈ ಪಾಕೀಟಿನಲ್ಲಿದೆ. ಅದು ನಿನ್ನದು. ತೊಲೆಯ ಆ ಜಾಗದಲ್ಲಿ ಈಗ ಹೊಸ ಹಗ್ಗ ಕಟ್ಟಿದ್ದೇನೆ, ಮೂವತ್ತೊಂದು ಅಡಿಯದು. ಗುಡಿಯಾ ಸಾಲೆಯಿಂದ ಬಂದವಳು ಕೆಳಗೆ ನಿಂತು ಸಾಯಗಾಂವ ಎಂದು ಓದಿದಳು. ಆಮೇಲೆ ಹಗ್ಗದ ತುದಿ ಹಿಡಿದು, ಹಸಿರು ದಾರ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದಳು.

ಅಲ್ಲಿ ನೀರು ಬೀಳಲಿಲ್ಲ ಎಂದು ಹೇಳಿದೆ.

ಗಫೂರ ಚಾಚಾ